ಬಸುರಿ, ಬಾಣಂತಿ, ಮಗು: ಕಾಸರಗೋಡಿನ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರ ಕಡೆ ಎಲ್ಲಿ ಹೋದರೂ ಬಸುರಿ ಹೆಂಗಸರು, ಅವರ ಅಮ್ಮಂದಿರು, ಅತ್ತೆಯಂದಿರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಆಸ್ಪತ್ರೆ, ಅಂಗನವಾಡಿಯ ಕಾರ್ಡು, ಪೋಸ್ಟರು ಬಹಳಷ್ಟು ಮಲಯಾಳದಲ್ಲಿ ಇರುತ್ತವೆ. ಕನ್ನಡ ಮಾತ್ರ ಓದುವವರಿಗೆ ವಿಷಯ ಅರ್ಧಂಬರ್ಧ ತಲುಪುತ್ತದೆ. ಹಾಗಾಗಿ ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟು ಉತ್ತರ ಬರೆದಿದ್ದೇನೆ. ಸುಲಭದ್ದು ಮೊದಲು, ತೊಡಕಿನದು ಆಮೇಲೆ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ನಮ್ಮ ಕಡೆ ಅಂಗಳದಲ್ಲಿ, ತೋಟದಲ್ಲಿ, ಕಡಲಲ್ಲಿ ತಿನ್ನುವ ವಸ್ತುವಿಗೆ ಬರಗಾಲ ಇಲ್ಲ. ಅದು ಬಸುರಿಯ ಬಟ್ಟಲಿಗೆ ಬರುತ್ತದಾ, ಎಷ್ಟು ಬರುತ್ತದೆ ಅನ್ನುವುದೇ ನೋಡಬೇಕಾದದ್ದು.

## ಬಸುರಿಯ ಊಟ

ಇಬ್ಬರಿಗಾಗುವಷ್ಟು ತಿನ್ನಬೇಕು ಅಂತ ಅತ್ತೆ ಹೇಳ್ತಾರೆ. ನಿಜವಾ?

ಎರಡು ಪಾಲು ಬೇಡ. ಮೊದಲ ಮೂರು ತಿಂಗಳು ಮಾಮೂಲಿ ಊಟ ಸಾಕು. ನಾಲ್ಕನೇ ತಿಂಗಳಿಂದ ದಿನಕ್ಕೆ ಸುಮಾರು 350 ಕ್ಯಾಲೊರಿ ಜಾಸ್ತಿ ಬೇಕು. ಅಂದರೆ ಸಂಜೆ ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ, ಜೊತೆಗೆ ಒಂದು ಸೌಟು ಹೆಸರು ಕಾಳಿನ ಪಲ್ಯ, ಒಂದು ಮೊಟ್ಟೆ. ಅಷ್ಟೇ. ಮೊದಲೇ ಸಾಧಾರಣ ತೂಕ ಇದ್ದವರು ಒಂಬತ್ತು ತಿಂಗಳಲ್ಲಿ 10ರಿಂದ 12 ಕಿಲೋ ಹೆಚ್ಚಿದರೆ ಚೆನ್ನಾಯಿತು. ತೀರಾ ಸಪೂರ ಇದ್ದವರಿಗೆ ಇನ್ನೂ ಸ್ವಲ್ಪ ಜಾಸ್ತಿ, ದಪ್ಪ ಇದ್ದವರಿಗೆ ಕಮ್ಮಿ.

ಆದರೆ ಲೆಕ್ಕಕ್ಕಿಂತ ಮುಖ್ಯವಾದದ್ದು ಬಡಿಸುವ ಕ್ರಮ. ಗಂಡಸರು ಉಂಡು, ಮಕ್ಕಳು ಉಂಡು, ಕೊನೆಗೆ ಸೊಸೆ ಕೂರುವಾಗ ಮೀನಿನ ತುಂಡು ಖಾಲಿ, ಗಸಿಯಲ್ಲಿ ಕಡ್ಲೆ ಖಾಲಿ, ಉಳಿದದ್ದು ರಸ ಮತ್ತು ಅನ್ನ. ಯಾರಿಗೂ ಕೆಟ್ಟ ಮನಸ್ಸಿಲ್ಲ, ಆದರೂ ಹಾಗೇ ಆಗುತ್ತದೆ. ಅಡಿಗೆ ಇಳಿಸಿದ ಕೂಡಲೇ ಅವಳ ಪಾಲನ್ನು ಒಂದು ಪಾತ್ರೆಯಲ್ಲಿ ತೆಗೆದಿಡಿ. ಇದನ್ನು ಮನೆಯ ಹಿರಿಯರೇ ಮಾಡಬೇಕು, ಯಾಕೆಂದರೆ ತನ್ನ ಪಾಲು ತಾನೇ ಎತ್ತಿಡಲು ಹೊಸ ಸೊಸೆಗೆ ನಾಚಿಕೆ.

ಏನು ತಿಂದರೂ ವಾಂತಿ. ಅನ್ನದ ವಾಸನೆಯೇ ಆಗಲ್ಲ. ಏನು ಮಾಡಲಿ?

ಸ್ವಲ್ಪ ಸ್ವಲ್ಪ, ಎರಡು ಗಂಟೆಗೊಮ್ಮೆ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಒಂದೆರಡು ರಸ್ಕು ಅಥವಾ ಒಣ ಅವಲಕ್ಕಿ. ಬಿಸಿ ಅಡಿಗೆಗಿಂತ ಆರಿದ ಅಡಿಗೆಯ ವಾಸನೆ ಕಮ್ಮಿ, ಅನ್ನ ಕುದಿಯುವಾಗ ಅಡಿಗೆಮನೆಯಲ್ಲಿ ಬೇರೆ ಯಾರಾದರೂ ನಿಲ್ಲಲಿ. ನೀರು, ಎಳನೀರು, ಉಪ್ಪು ಹಾಕಿದ ಗಂಜಿ ತಿಳಿ ಗುಟುಕು ಗುಟುಕಾಗಿ ಕುಡಿಯಿರಿ. ಕುಡಿದ ನೀರೂ ನಿಲ್ಲುತ್ತಿಲ್ಲ, ಮೂತ್ರ ಕಡು ಹಳದಿ, ತೂಕ ಇಳಿಯುತ್ತಿದೆ ಅಂದರೆ ಮನೆಮದ್ದು ನಿಲ್ಲಿಸಿ, ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಿಕೊಳ್ಳಿ.

ಪಪ್ಪಾಯಿ, ಅನಾನಸು, ಮೊಟ್ಟೆ ಎಲ್ಲ ಉಷ್ಣ, ಬಸುರಿ ತಿನ್ನಬಾರದು ಅಂತಾರೆ. ಹೌದಾ?

ಬಲಿಯದ ಹಸಿ ಪಪ್ಪಾಯಿಯ ಬಿಳಿ ಹಾಲು ಗರ್ಭಕೋಶವನ್ನು ಕೆರಳಿಸಬಹುದು, ಅದು ಬೇಡ. ಚೆನ್ನಾಗಿ ಹಣ್ಣಾದ ಪಪ್ಪಾಯಿಯ ನಾಲ್ಕು ಹೋಳಿನಿಂದ ಏನೂ ಆಗಲ್ಲ. ಅನಾನಸೂ ಊಟದ ಜೊತೆ ತಿನ್ನುವಷ್ಟು ತಿಂದರೆ ತೊಂದರೆ ಇಲ್ಲ. ಮೊಟ್ಟೆ ಪೂರ್ತಿ ಬೆಂದಿರಲಿ. ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗೆ ಹುಟ್ಟುತ್ತದೆ ಅನ್ನುವುದು ಸುಳ್ಳು. ಆ ದುಡ್ಡಿಗೆ ಮೊಟ್ಟೆ ತನ್ನಿ. ಉಷ್ಣ ಅಂತ ಒಂದೊಂದೇ ಬಿಡುತ್ತಾ ಹೋದರೆ ಕೊನೆಗೆ ಬಟ್ಟಲಲ್ಲಿ ಅನ್ನ ಉಪ್ಪಿನಕಾಯಿ ಮಾತ್ರ ಉಳಿಯುತ್ತದೆ. ಅದರಿಂದ ಆಗುವ ಹಾನಿಯೇ ದೊಡ್ಡದು.

ಮೀನು ತಿನ್ನಬಹುದಾ? ಯಾವ ಮೀನು?

ಬೂತಾಯಿ, ಬಂಗುಡೆ ಧಾರಾಳವಾಗಿ ತಿನ್ನಿ. ಅಗ್ಗದ ಮೀನು, ಆದರೆ ಮಗುವಿನ ಮಿದುಳಿಗೆ ಬೇಕಾದ ಒಮೆಗಾ ಕೊಬ್ಬು ಇದರಲ್ಲೇ ತುಂಬ ಇರುವುದು. ವಾರಕ್ಕೆ ಎರಡು ಮೂರು ಸಲ ಒಳ್ಳೆಯದು. ಶಾರ್ಕ್ ಜಾತಿಯ ಮೀನು, ತೀರಾ ದೊಡ್ಡ ಗಾತ್ರದ ಅಂಜಲ್ ಮುಂತಾದವುಗಳಲ್ಲಿ ಪಾದರಸ ಸೇರಿರುವ ಸಾಧ್ಯತೆ ಜಾಸ್ತಿ, ಅವನ್ನು ಬಸುರಿಯಾಗಿರುವಾಗ ಬಿಡಿ.

ನಾವು ಮೀನು, ಮೊಟ್ಟೆ ಮುಟ್ಟುವವರಲ್ಲ. ನಮ್ಮ ಊಟದಲ್ಲಿ ರಕ್ತ ಆಗುವುದು ಹೇಗೆ?

ಆಗುತ್ತದೆ, ಸ್ವಲ್ಪ ಗಮನ ಬೇಕು. ಹುರುಳಿ, ಹೆಸರು, ಅಲಸಂದೆ, ಕಡ್ಲೆ, ಇವುಗಳಲ್ಲಿ ಒಂದಾದರೂ ದಿನಾ ಎರಡು ಹೊತ್ತು ಇರಲಿ. ಮಜ್ಜಿಗೆ ಹುಳಿ, ತಂಬುಳಿ, ಸಾರು ಇವಿಷ್ಟರಲ್ಲೇ ಊಟ ಮುಗಿಸುವ ಮನೆಗಳಲ್ಲಿ ಬೇಳೆ ಕಾಳು ನಿಜಕ್ಕೂ ಕಮ್ಮಿ. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಕಬ್ಬಿಣಾಂಶ ಮೈಗೆ ಹಿಡಿಯುವುದು ಜಾಸ್ತಿ. ಹರಿವೆ, ನುಗ್ಗೆ ಸೊಪ್ಪು, ಬಸಳೆ ಮಾಡಿದ ದಿನ ಊಟಕ್ಕೆ ಲಿಂಬೆ ಹಿಂಡಿಕೊಳ್ಳಿ, ಅಥವಾ ಒಂದು ಪೇರಳೆ ತಿನ್ನಿ. ಹುಳಿ ಹಣ್ಣಿನಲ್ಲಿರುವ ಸಿ ಜೀವಸತ್ವ ಇಲ್ಲದಿದ್ದರೆ ಸೊಪ್ಪಿನ ಕಬ್ಬಿಣ ಹೆಚ್ಚಿನದು ಹಾಗೇ ಹೊರಗೆ ಹೋಗುತ್ತದೆ.

ಇನ್ನೊಂದು, ಬಿ12 ಜೀವಸತ್ವ. ಅದು ಗಿಡದಿಂದ ಬರುವ ಆಹಾರದಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಹಾಲು ಮೊಸರು ದಿನಾ ಬೇಕು, ಸುಸ್ತು, ಕೈಕಾಲು ಜೋಮು ಇದ್ದರೆ ರಕ್ತ ಪರೀಕ್ಷೆ ಮಾಡಿಸಿ ಅಂತ ಡಾಕ್ಟರಲ್ಲಿ ನೀವೇ ಕೇಳಿ.

## ಮಾತ್ರೆ, ಚಾ, ಅಡಿಕೆ

ಕಬ್ಬಿಣದ ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ, ಹೊಟ್ಟೆ ಕಟ್ಟುತ್ತದೆ. ಬಿಟ್ಟರೆ ಆಗುತ್ತದಾ?

ಮಲ ಕಪ್ಪಾದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ. ಬಿಡುವುದು ಮಾತ್ರ ಬೇಡ. ನಾಲ್ಕನೇ ತಿಂಗಳಿಂದ ದಿನಕ್ಕೊಂದು, ಕನಿಷ್ಠ 180 ದಿನ, ಹೆರಿಗೆ ಆದ ಮೇಲೆ ಮತ್ತೆ 180 ದಿನ, ಇದು ಸರ್ಕಾರಿ ಲೆಕ್ಕ. ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಖಾಲಿ ಹೊಟ್ಟೆಗೆ ಆಗದಿದ್ದರೆ ರಾತ್ರಿ ಊಟವಾಗಿ ಒಂದು ಗಂಟೆ ಬಿಟ್ಟು, ಲಿಂಬೆ ಶರಬತ್ತಿನ ಜೊತೆ ನುಂಗಿ. ಹೊಟ್ಟೆ ಕಟ್ಟಿದರೆ ನೀರು, ಬಾಳೆದಿಂಡಿನ ಪಲ್ಯ, ಸೊಪ್ಪು ಜಾಸ್ತಿ ಮಾಡಿ. ಕ್ಯಾಲ್ಸಿಯಂ ಮಾತ್ರೆಯನ್ನೂ ಕೊಟ್ಟಿರುತ್ತಾರೆ, ದಿನಕ್ಕೆ ಎರಡು. ಎರಡನ್ನೂ ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಕಬ್ಬಿಣವನ್ನು ತಡೆಯುತ್ತದೆ, ಮಧ್ಯೆ ಎರಡು ಗಂಟೆಯಾದರೂ ಬಿಡಿ.

ಮತ್ತೆ ಚಾ. ಊಟ ಆದ ಕೂಡಲೇ ಚಾ ಕುಡಿಯುವ ಅಭ್ಯಾಸ ನಮ್ಮಲ್ಲಿ ಎಲ್ಲ ಮನೆಯಲ್ಲೂ ಇದೆ, ಅಲ್ವಾ? ಚಾದ ಒಗರು ಆಹಾರದ ಕಬ್ಬಿಣವನ್ನು ಹಿಡಿದಿಟ್ಟುಕೊಂಡುಬಿಡುತ್ತದೆ. ಊಟಕ್ಕೂ ಚಾಕ್ಕೂ ಒಂದು ಗಂಟೆ ಅಂತರ ಇಡಿ, ಮಾತ್ರೆಗೂ ಅಷ್ಟೇ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019–21ರಲ್ಲಿ ಕೇರಳದ ಬಸುರಿಯರಲ್ಲಿ ನೂರಕ್ಕೆ 31 ಮಂದಿಗೆ ರಕ್ತಹೀನತೆ ಇತ್ತು. ಇಡೀ ದೇಶದಲ್ಲಿ 52. ನಾವು ಮುಂದಿದ್ದೇವೆ ನಿಜ, ಆದರೂ ಮೂವರಲ್ಲಿ ಒಬ್ಬಳು ಅಂದರೆ ಕಮ್ಮಿ ಏನಲ್ಲ.

ಫೋಲಿಕ್ ಆಮ್ಲದ ಮಾತ್ರೆ ಯಾವಾಗಿನಿಂದ?

ಬಸುರಿ ಅಂತ ಗೊತ್ತಾಗುವ ಮೊದಲೇ. ಮಗುವಿನ ಬೆನ್ನುಹುರಿ ಮುಚ್ಚಿಕೊಳ್ಳುವುದು ಮೊದಲ ನಾಲ್ಕು ವಾರದೊಳಗೆ, ಆಗ ಎಷ್ಟೋ ಜನರಿಗೆ ತಿಂಗಳು ನಿಂತದ್ದೇ ಖಾತ್ರಿ ಆಗಿರುವುದಿಲ್ಲ. ಮಗು ಬೇಕು ಅಂತ ನಿರ್ಧಾರ ಮಾಡಿದ ದಿನದಿಂದ ಶುರು ಮಾಡಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸುಮ್ನೆ ಸಿಗುತ್ತದೆ.

ಊಟದ ಮೇಲೆ ಒಂದು ಎಲೆ ಅಡಿಕೆ ಹಾಕಿದರೆ ಏನಾಗುತ್ತದೆ? ಬೀಡಿ ಕಟ್ಟುವ ಕೆಲಸ ಮುಂದುವರಿಸಬಹುದಾ?

ಅಡಿಕೆ ನಮ್ಮ ಬದುಕು, ಅದನ್ನು ಬೆಳೆದೇ ಎಷ್ಟೋ ಮಕ್ಕಳು ಓದಿ ದೊಡ್ಡವರಾದದ್ದು. ಆದರೂ ಬಸುರಿ ಬಾಯಿಗೆ ಹಾಕಬಾರದು. ಅಡಿಕೆ ಜಗಿಯುವವರಿಗೆ ಕಮ್ಮಿ ತೂಕದ ಮಗು ಹುಟ್ಟುವುದು ಹೆಚ್ಚು. ಹೊಗೆಸೊಪ್ಪು ಸೇರಿದರೆ ಇನ್ನೂ ಕೆಟ್ಟದು, ಹೊಟ್ಟೆಯಲ್ಲೇ ಮಗು ತೀರಿಹೋಗುವ ಅಪಾಯವೂ ಏರುತ್ತದೆ. ಬಯಕೆ ತಡೆಯದಿದ್ದರೆ ಬರೀ ಸೋಂಪು ಸಾಕು.

ಬೀಡಿ ಕಟ್ಟುವಾಗ ಹೊಗೆಸೊಪ್ಪಿನ ಧೂಳು ಉಸಿರಿಗೂ ಚರ್ಮಕ್ಕೂ ಹೋಗುತ್ತದೆ. ಆಗುವುದಾದರೆ ಆ ಕೆಲಸ ನಿಲ್ಲಿಸಿ. ಸಂಪಾದನೆ ಅದೇ ಅನ್ನುವವರಿಗೆ ಸುಲಭದ ಉತ್ತರ ಇಲ್ಲ. ಗಾಳಿಯಾಡುವ ಜಗಲಿಯಲ್ಲಿ ಕುಳಿತುಕೊಳ್ಳಿ, ಗಂಟೆಗೊಮ್ಮೆ ಎದ್ದು ನಡೆಯಿರಿ, ಸೋಪು ಹಾಕಿ ಕೈ ತೊಳೆಯದೆ ಏನೂ ತಿನ್ನಬೇಡಿ, ಮಗುವನ್ನು ಎತ್ತಿಕೊಳ್ಳುವ ಮೊದಲು ಬಟ್ಟೆ ಬದಲಿಸಿ. ಬೀಡಿಯ ಮೊರದ ಪಕ್ಕದಲ್ಲೇ ತೊಟ್ಟಿಲು ಕಟ್ಟುವುದು ಮಾತ್ರ ಖಂಡಿತ ಬೇಡ.

ನಮ್ಮದು ಎಂಡೋಸಲ್ಫಾನ್ ಸಿಂಪಡಿಸಿದ ಊರು. ಈಗ ಹುಟ್ಟುವ ಮಗುವಿಗೂ ಏನಾದರೂ ಆಗುತ್ತದಾ?

ಎಣ್ಮಕಜೆ, ಬೆಳ್ಳೂರು, ಮುಳಿಯಾರು ಕಡೆಯವರು ಈ ಪ್ರಶ್ನೆಯನ್ನು ಮೆಲ್ಲ ದನಿಯಲ್ಲಿ ಕೇಳುತ್ತಾರೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಈ ಕೀಟನಾಶಕ ಸಿಂಪಡಿಸುವುದು 2000ದ ಇಸವಿಯಲ್ಲಿ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶಪೂರ್ತಿ ತಡೆ ಹಾಕಿತು. ಮಣ್ಣಿನಲ್ಲಿ ಆ ವಿಷ ತಿಂಗಳುಗಟ್ಟಲೆ, ಕೆಲವು ಕಡೆ ವರ್ಷಗಟ್ಟಲೆ ಉಳಿಯುತ್ತದೆ, ಆದರೆ ಕರಗುತ್ತಾ ಹೋಗುತ್ತದೆ. ಸಿಂಪಡಿಸುತ್ತಿದ್ದ ಕಾಲದ ಅಪಾಯವೇ ಇವತ್ತೂ ಅಷ್ಟೇ ಇದೆ ಅಂತ ಹೆದರಬೇಕಿಲ್ಲ.

ಭಯ ಇರುವವರು ಮೂರು ಕೆಲಸ ಮಾಡಿ. ಫೋಲಿಕ್ ಆಮ್ಲ ತಪ್ಪಿಸಬೇಡಿ. 18ರಿಂದ 20 ವಾರದೊಳಗೆ ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್ ಮಾಡಿಸಿ, ಮುಂದಕ್ಕೆ ಹಾಕಬೇಡಿ. ಮನೆಯಲ್ಲಿ ಮೊದಲು ಅಂಗವೈಕಲ್ಯ ಇರುವ ಮಗು ಹುಟ್ಟಿದ್ದರೆ ಮೊದಲ ಭೇಟಿಯಲ್ಲೇ ಡಾಕ್ಟರಿಗೆ ಹೇಳಿ. ಇದು ಮುಚ್ಚಿಡುವ ವಿಷಯ ಅಲ್ಲ, ನಿಮ್ಮ ತಪ್ಪೂ ಅಲ್ಲ. ಹಾಗೆಯೇ ಈಗ ತೋಟಕ್ಕೆ ಮದ್ದು ಬಿಡುವ ದಿನ, ಯಾವ ಮದ್ದೇ ಆಗಲಿ, ಬಸುರಿ ಹತ್ತಿರ ಸುಳಿಯಬಾರದು, ಮದ್ದು ಬಿಟ್ಟವರ ಬಟ್ಟೆ ಒಗೆಯಲೂಬಾರದು.

## ಬಾಣಂತಿ ಮತ್ತು ಹಾಲು ಕುಡಿಯುವ ಮಗು

ಬಾಣಂತಿಗೆ ನೀರು ಜಾಸ್ತಿ ಕೊಟ್ಟರೆ ಹೊಟ್ಟೆ ದೊಡ್ಡದಾಗುತ್ತದೆ, ತರಕಾರಿ ಕೊಟ್ಟರೆ ಮಗುವಿಗೆ ಶೀತ ಅಂತಾರಲ್ಲ?

ಬಾಣಂತನದ ಎಣ್ಣೆ ಸ್ನಾನ, ಮಲಗಿ ವಿಶ್ರಾಂತಿ, ಅಮ್ಮನ ಮನೆಯ ಆರೈಕೆ, ಇವೆಲ್ಲ ಒಳ್ಳೆಯದು. ನೀರು ಕೊಡದೆ ಇರುವುದು ಮಾತ್ರ ಕೆಟ್ಟದು. ಹಾಲು ಆಗುವುದೇ ನೀರಿನಿಂದ, ನೀರು ಕಮ್ಮಿ ಆದರೆ ಮೂತ್ರದ ಉರಿ, ಮಲಬದ್ಧತೆ, ತಲೆಸುತ್ತು. ಬಾಯಾರಿದಾಗಲೆಲ್ಲ ಕುಡಿಯಲಿ, ಪ್ರತಿ ಸಲ ಹಾಲು ಕೊಡುವಾಗ ಪಕ್ಕದಲ್ಲಿ ಒಂದು ಚೊಂಬು ನೀರು ಇರಲಿ. ಬರೀ ಅನ್ನ, ಕಾಳುಮೆಣಸಿನ ಸಾರು, ಬೆಳ್ಳುಳ್ಳಿಯಲ್ಲಿ ನಲವತ್ತು ದಿನ ಕಳೆಯುವುದು ಯಾಕೆ? ಹಾಲು ಕೊಡುವವಳಿಗೆ ಬಸುರಿಗಿಂತಲೂ ಜಾಸ್ತಿ ಊಟ ಬೇಕು. ತಾಯಿ ತಿಂದ ತರಕಾರಿಯಿಂದ ಮಗುವಿಗೆ ಶೀತ ಆಗುವುದಿಲ್ಲ.

ಬಾಣಂತಿ ಸುಮ್ನೆ ಅಳುತ್ತಾ ಇದ್ದಾಳೆ, ಎರಡು ವಾರ ದಾಟಿದರೂ ಮಂಕು ಹೋಗಿಲ್ಲ, ಮಗುವಿನ ಮೇಲೆ ಮನಸ್ಸೇ ಇಲ್ಲ ಅಂತಾದರೆ ಅದು ಕೊಬ್ಬಲ್ಲ, ಸೋಂಬೇರಿತನ ಅಲ್ಲ. ಅದು ಕಾಯಿಲೆ, ಮದ್ದಿದೆ. ಕೇರಳದಲ್ಲಿ 1056ಕ್ಕೆ ಫೋನ್ ಮಾಡಿದರೆ ಸಲಹೆ ಸಿಗುತ್ತದೆ.

ಮೊದಲ ಹಳದಿ ಹಾಲು ಹಿಂಡಿ ಚೆಲ್ಲಬೇಕಾ? ಜೇನು ನೆಕ್ಕಿಸಬಹುದಾ?

ಚೆಲ್ಲಬೇಡಿ. ಹುಟ್ಟಿದ ಒಂದು ಗಂಟೆಯೊಳಗೆ ಆ ಹಾಲೇ ಸಿಗಬೇಕು, ರೋಗ ತಡೆಯುವ ಶಕ್ತಿ ಅದರಲ್ಲೇ ಇರುವುದು. ಜೇನು ಒಂದು ವರ್ಷದವರೆಗೂ ಬೇಡ, ಅದರಲ್ಲಿ ಇರಬಹುದಾದ ಒಂದು ರೋಗಾಣು ಎಳೆ ಕೂಸಿನ ನರಗಳನ್ನೇ ಬಾಧಿಸುತ್ತದೆ. ಬಜೆ ತೇಯ್ದು ಹಾಕುವುದು, ಸಕ್ಕರೆ ನೀರು, ಗ್ರೈಪ್ ವಾಟರ್ ಯಾವುದೂ ಬೇಡ. ಆರು ತಿಂಗಳು ಪೂರ್ತಿ ತಾಯಿ ಹಾಲು ಮಾತ್ರ. ಸೆಕೆಗಾಲದಲ್ಲೂ ನೀರು ಬೇಕಿಲ್ಲ.

ಹಾಲು ಸಾಕಾಗುವುದಿಲ್ಲ ಅಂತ ಕಾಣುತ್ತದೆ. ಡಬ್ಬಿ ಹಾಲು ಶುರು ಮಾಡಲಾ?

ಮಗು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದೆಯಾ, ಹುಟ್ಟಿದ ತೂಕ ಎರಡು ವಾರದೊಳಗೆ ವಾಪಸ್ ಬಂದು ಮೇಲೆ ಏರುತ್ತಿದೆಯಾ ನೋಡಿ. ಹೌದಾದರೆ ಹಾಲು ಸಾಕು. ಮಗು ಅತ್ತರೆಲ್ಲ ಹಸಿವು ಅಂತ ಅಲ್ಲ. ದಿನಕ್ಕೆ 8ರಿಂದ 12 ಸಲ, ರಾತ್ರಿಯೂ, ಕುಡಿಸಿದಷ್ಟೂ ಹಾಲು ಹೆಚ್ಚುತ್ತದೆ. ಡಬ್ಬಿ ಹಾಲು ಒಂದು ಸಲ ಬಂದರೆ ಎದೆ ಹಾಲು ಅಷ್ಟು ಇಳಿಯುತ್ತದೆ. ಎರಡು ವರ್ಷದೊಳಗಿನ ಮಕ್ಕಳ ಇಂಥ ಆಹಾರಕ್ಕೆ ಜಾಹೀರಾತು ಕೊಡುವುದನ್ನೇ ನಮ್ಮ ದೇಶದ 1992ರ ಕಾಯಿದೆ ತಡೆದಿದೆ. ನಿಜವಾಗಿ ಬೇಕು ಅಂತ ಡಾಕ್ಟರು ಹೇಳಿದರೆ ಮಾತ್ರ ಕೊಡಿ.

## ಆರು ತಿಂಗಳ ನಂತರ

ಮೊದಲ ಊಟ ಏನು? ರಾಗಿ ಮಣ್ಣಿ ಸಾಕಾ?

ರಾಗಿ ಮಣ್ಣಿ ಒಳ್ಳೆಯ ಶುರು. ರಾಗಿ ನೆನೆಸಿ, ಅರೆದು, ಬಟ್ಟೆಯಲ್ಲಿ ಸೋಸಿ ಆ ಹಾಲನ್ನು ಬೇಯಿಸುತ್ತೇವಲ್ಲ, ಅದು ಎಳೆ ಹೊಟ್ಟೆಗೆ ಹಗುರ. ಆದರೆ ಎಷ್ಟೋ ಮನೆಗಳಲ್ಲಿ ವರ್ಷ ತುಂಬುವವರೆಗೂ ಅದನ್ನೇ, ಅದೂ ಬಾಟಲಿಯಲ್ಲಿ ಕುಡಿಸುವಷ್ಟು ತೆಳು ಮಾಡಿ ಕೊಡುತ್ತಾರೆ. ಅದು ಸಾಲದು. ಚಮಚ ಓರೆ ಮಾಡಿದರೆ ತಟಕ್ಕನೆ ಸುರಿಯಬಾರದು, ಅಷ್ಟು ದಪ್ಪ ಇರಬೇಕು.

ಎರಡು ವಾರದೊಳಗೆ ಬೇರೆ ಬೇರೆ ಸೇರಿಸುತ್ತಾ ಬನ್ನಿ: ಬೆಂದ ಹೆಸರು ಬೇಳೆ ಕಿವುಚಿದ ಅನ್ನ, ಕುಂಬಳಕಾಯಿ, ಹರಿವೆ, ಬಾಳೆಹಣ್ಣು, ಮೊಟ್ಟೆ, ಮುಳ್ಳು ಬಿಡಿಸಿದ ಮೀನು. ಒಂದು ಚಮಚ ತೆಂಗಿನೆಣ್ಣೆ ಅಥವಾ ತುಪ್ಪ. ವರ್ಷದೊಳಗೆ ಮನೆ ಅಡಿಗೆಗೆ ಉಪ್ಪು ಸಕ್ಕರೆ ಹಾಕಬೇಡಿ, ಮಗುವಿಗೆ ಆ ರುಚಿ ಗೊತ್ತೇ ಇಲ್ಲ, ನಾವೇ ಅಭ್ಯಾಸ ಮಾಡಿಸುವುದು. ಆರರಿಂದ ಎಂಟು ತಿಂಗಳಿಗೆ ದಿನಕ್ಕೆ ಎರಡು ಮೂರು ಸಲ, ಒಂಬತ್ತರಿಂದ ಮೂರು ನಾಲ್ಕು ಸಲ. ಎದೆ ಹಾಲು ಎರಡು ವರ್ಷ ಮತ್ತು ಮುಂದೆಯೂ ಇರಲಿ.

ಬಾವಿ ನೀರಾಗಲಿ, ಗುಡ್ಡ ಕೊರೆದು ತೆಗೆದ ಸುರಂಗದ ನೀರಾಗಲಿ, ಎಷ್ಟು ತಿಳಿಯಾಗಿ ಕಂಡರೂ ಮಗುವಿಗೆ ಕುದಿಸಿ ಆರಿಸಿಯೇ ಕೊಡಿ, ಮಳೆಗಾಲದಲ್ಲಂತೂ ಖಂಡಿತ.

ಅಂಗನವಾಡಿಯ ಅಮೃತಂ ಪುಡಿ ಮಗು ಮುಟ್ಟುವುದಿಲ್ಲ. ಹೇಗೆ ಕೊಡುವುದು?

ಈ ಪುಡಿಗೂ ನಮ್ಮ ಊರಿಗೂ ನಂಟಿದೆ. ಇದನ್ನು ರೂಪಿಸುವುದರಲ್ಲಿ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯವರ ಕೈ ಇದೆ, ತಯಾರಿಸುವವರು ಕೇರಳದ ಮಹಿಳಾ ಸ್ವಸಹಾಯ ಗುಂಪುಗಳಾದ ಕುಟುಂಬಶ್ರೀಯ ಹೆಂಗಸರು. ಗೋಧಿ, ಕಡ್ಲೆ ಬೇಳೆ, ಸೋಯಾ, ನೆಲಗಡಲೆ, ಸಕ್ಕರೆ ಹಾಕಿದ್ದು. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ.

ಬಿಸಿ ನೀರಿಗೆ ಹಾಕಿದರೆ ಗಂಟು ಕಟ್ಟುತ್ತದೆ, ಮಗು ಉಗುಳುತ್ತದೆ. ತಣ್ಣೀರಲ್ಲಿ ಚೆನ್ನಾಗಿ ಕಲಸಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಕೈ ಬಿಡದೆ ತಿರುವಿ. ಹಸಿ ವಾಸನೆ ಹೋಗಿ ನೆಲಗಡಲೆಯ ಪರಿಮಳ ಬಂದಾಗ ಇಳಿಸಿ. ಕಿವುಚಿದ ಬಾಳೆಹಣ್ಣು ಸೇರಿಸಿದರೆ ಎಷ್ಟೋ ಮಕ್ಕಳು ತಿನ್ನುತ್ತಾರೆ. ಸ್ವಲ್ಪ ದೊಡ್ಡ ಮಕ್ಕಳಿಗೆ ಇದರಲ್ಲೇ ದೋಸೆ, ಉಂಡೆ ಆಗುತ್ತದೆ. ಪೊಟ್ಟಣದ ಮೇಲಿನ ದಿನಾಂಕ ನೋಡಿ, ಒದ್ದೆ ಚಮಚ ಹಾಕಬೇಡಿ, ನಮ್ಮ ಮಳೆಗೆ ಬೇಗ ಬೂಸ್ಟು ಹಿಡಿಯುತ್ತದೆ. ಇನ್ನೂ ಒಂದು, ಇದು ಮಗುವಿನ ಪಾಲು. ದೊಡ್ಡವರ ಚಾಕ್ಕೆ ತಿಂಡಿ ಮಾಡುವುದಕ್ಕೆ ಅಲ್ಲ.

ಒಂದೂವರೆ ವರ್ಷ ಆಯಿತು, ಊಟ ಮಾಡಲ್ಲ. ಹಾಲು, ಬಿಸ್ಕೆಟ್ ಮಾತ್ರ.

ಹಾಲಿನಿಂದಲೇ ಹೊಟ್ಟೆ ತುಂಬಿದೆ, ಅದಕ್ಕೇ ಊಟ ಬೇಡ. ದನದ ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಮ್ಮಿ, ಜಾಸ್ತಿ ಕುಡಿಯುವ ಮಕ್ಕಳು ದುಂಡಗೆ ಕಂಡರೂ ರಕ್ತ ಕಮ್ಮಿ ಇರುತ್ತದೆ. ದಿನಕ್ಕೆ ಎರಡು ಲೋಟದ ಒಳಗೆ ನಿಲ್ಲಿಸಿ, ಊಟದ ನಂತರ ಕೊಡಿ. ಬಿಸ್ಕೆಟ್ ಮನೆಗೆ ತರಲೇಬೇಡಿ. ಎಲ್ಲರ ಜೊತೆ ನೆಲದಲ್ಲಿ ಕೂರಿಸಿ, ಅದಕ್ಕೇ ಒಂದು ತಟ್ಟೆ ಕೊಡಿ, ಚೆಲ್ಲಲಿ. ಮೊಬೈಲ್ ತೋರಿಸಿ ಬಾಯಿಗೆ ತುರುಕಿದರೆ ಹಸಿವು ಅಂದರೇನು ಅಂತ ಅದಕ್ಕೆ ಗೊತ್ತಾಗುವುದೇ ಇಲ್ಲ.

## ಸ್ವಲ್ಪ ತೊಡಕಿನ ಪ್ರಶ್ನೆಗಳು

ಮಗು ಸಪೂರ. ನಮ್ಮ ವಂಶವೇ ಹಾಗೆ ಅಂತಾರೆ. ಯಾವಾಗ ಹೆದರಬೇಕು?

ಪಕ್ಕದ ಮನೆ ಮಗುವನ್ನು ನೋಡಬೇಡಿ, ತಾಯಿ ಮಗುವಿನ ಕಾರ್ಡಿನಲ್ಲಿರುವ ತೂಕದ ಗೆರೆ ನೋಡಿ. ಗಂಡು ಹೆಣ್ಣಿಗೆ ಬೇರೆ ಬೇರೆ ಗೆರೆ ಇದೆ. ಕೆಳಗಿದ್ದರೂ ಗೆರೆಗೆ ಸಮವಾಗಿ ಏರುತ್ತಿದ್ದರೆ ವಂಶ ಅನ್ನಬಹುದು. ಎರಡು ಮೂರು ತಿಂಗಳು ತೂಕ ನಿಂತಲ್ಲೇ ನಿಂತರೆ, ಅಥವಾ ಇಳಿದರೆ, ಅದು ವಂಶ ಅಲ್ಲ.

ಆರು ತಿಂಗಳಿಂದ ಐದು ವರ್ಷದ ಮಗುವಿನ ಎಡಗೈ ರಟ್ಟೆಯ ನಡುವಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಮ್ಮಿ ಇದ್ದರೆ ತೀವ್ರ ಅಪೌಷ್ಟಿಕತೆ. 11.5ರಿಂದ 12.5ರೊಳಗೆ ಇದ್ದರೆ ಮಧ್ಯಮ. ಅಂಗನವಾಡಿಯಲ್ಲಿ ಅಳೆಯುವ ಪಟ್ಟಿ ಇರುತ್ತದೆ, ಕೇಳಿ. ಎರಡೂ ಪಾದದಲ್ಲಿ ಬಾವು ಕಂಡರೆ ಅದೇ ದಿನ ಆಸ್ಪತ್ರೆಗೆ. ಭೇದಿ ಬಂದಾಗ ಊಟ ನಿಲ್ಲಿಸುವ ಅಭ್ಯಾಸದಿಂದಲೇ ಎಷ್ಟೋ ಮಕ್ಕಳು ಇಳಿಯುವುದು. ಒಆರ್‌ಎಸ್ ಕೊಡಿ, ಜಿಂಕ್ ಮಾತ್ರೆ 14 ದಿನ ಪೂರ್ತಿ ಮಾಡಿ, ಗಂಜಿ, ಎದೆ ಹಾಲು ನಡೆಯುತ್ತಲೇ ಇರಲಿ.

ಎರಡು ತಿಂಗಳು ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರುತ್ತಿಲ್ಲ. ಯಾಕೆ?

ಬಸುರಿಗೆ 11 ಇರಬೇಕು. 7ಕ್ಕಿಂತ ಕೆಳಗೆ ಅಂದರೆ ಆಸ್ಪತ್ರೆಯಲ್ಲೇ ಚಿಕಿತ್ಸೆ. ಏರದಿದ್ದರೆ ಮೊದಲು ಚಾ, ಕ್ಯಾಲ್ಸಿಯಂ ಜೊತೆ ನುಂಗುತ್ತಿದ್ದೀರಾ ನೋಡಿ. ಆಮೇಲೆ ಕೊಕ್ಕೆಹುಳ. ಅಡಿಕೆ ತೋಟದ ಒದ್ದೆ ಮಣ್ಣಲ್ಲಿ ಬರಿಗಾಲಲ್ಲಿ ನಡೆಯುವಾಗ ಅದು ಅಂಗಾಲಿನ ಚರ್ಮದಿಂದ ಒಳಗೆ ಹೋಗಿ ಕರುಳಲ್ಲಿ ಕೂತು ದಿನಾ ರಕ್ತ ಹೀರುತ್ತದೆ. ಮೂರು ತಿಂಗಳು ದಾಟಿದ ಮೇಲೆ ಒಂದು ಆಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ, ತೋಟಕ್ಕೆ ಹೋಗುವಾಗ ಚಪ್ಪಲಿ ಹಾಕಿ. ಅದೂ ಅಲ್ಲದಿದ್ದರೆ ಬಿ12 ಕೊರತೆ, ವಂಶದಿಂದ ಬರುವ ರಕ್ತದ ಕಾಯಿಲೆ ಥಲಸೀಮಿಯಾ ಮುಂತಾದದ್ದು ಪರೀಕ್ಷೆ ಮಾಡಬೇಕಾಗುತ್ತದೆ. ಹೊಟ್ಟೆಗೆ ಮಾತ್ರೆ ಹಿಡಿಯದವರಿಗೆ ರಕ್ತನಾಳಕ್ಕೆ ಕೊಡುವ ಕಬ್ಬಿಣದ ಇಂಜೆಕ್ಷನ್ ಇದೆ. ಎರಡು ಹೆರಿಗೆ ಮಧ್ಯೆ ಎರಡು ವರ್ಷವೂ ಬಿಡದಿದ್ದರೆ ಖಾಲಿಯಾದ ರಕ್ತ ತುಂಬಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಸಕ್ಕರೆ ಬಂದಿದೆ ಅಂದರು. ಗಂಜಿ ಬಿಡಬೇಕಾ?

75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಕಳೆದು ರಕ್ತದ ಸಕ್ಕರೆ 140 ಅಥವಾ ಮೇಲೆ ಇದ್ದರೆ ಬಸುರಿಯ ಸಕ್ಕರೆ ಕಾಯಿಲೆ ಅನ್ನುತ್ತಾರೆ. ಗಂಜಿ ಪೂರ್ತಿ ಬಿಡಬೇಡಿ, ಉಪವಾಸವೂ ಬೇಡ. ಒಂದು ಬಟ್ಟಲಿಗೆ ಇಳಿಸಿ, ಜೊತೆಗೆ ಕಾಳು, ಸೊಪ್ಪು, ಮೀನು ಹೆಚ್ಚಿಸಿ, ಮೂರು ಊಟವನ್ನು ಆರು ಸಣ್ಣ ಊಟ ಮಾಡಿ. ಊಟವಾಗಿ ಹದಿನೈದು ನಿಮಿಷ ಅಂಗಳದಲ್ಲಿ ನಡೆಯಿರಿ. ಇನ್ಸುಲಿನ್ ಅಂದರೆ ಹೆದರಬೇಡಿ, ಅದು ಮಗುವಿಗೆ ದಾಟುವುದಿಲ್ಲ. ಹೆರಿಗೆ ಆಗಿ ಆರು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಲು ಮರೆಯಬೇಡಿ.

ಯಾವ ಲಕ್ಷಣ ಕಂಡರೆ ಬೆಳಗಿನವರೆಗೆ ಕಾಯಬಾರದು?

ರಕ್ತ ಹೋಗುವುದು, ನೀರು ಒಡೆಯುವುದು, ಮಗುವಿನ ಅಲುಗಾಟ ಕಮ್ಮಿಯಾಗುವುದು, ಜ್ವರ. ಐದು ತಿಂಗಳ ನಂತರ ಬಿಡದ ತಲೆನೋವು, ಕಣ್ಣು ಮಂಜು, ಹೊಟ್ಟೆಯ ಮೇಲ್ಭಾಗದ ನೋವು, ಮುಖ ಕೈ ಊದಿಕೊಳ್ಳುವುದು. ಈ ಕೊನೆಯವು ರಕ್ತದೊತ್ತಡ 140/90 ದಾಟಿದ್ದರ ಸೂಚನೆ ಆಗಿರಬಹುದು, ಫಿಟ್ಸ್ ಬರುವವರೆಗೆ ಹೋಗಬಹುದು. ಪಿತ್ತ, ಗ್ಯಾಸ್ ಅಂತ ಕಷಾಯ ಕುಡಿಸಿ ಮಲಗಿಸಬೇಡಿ. 108ಕ್ಕೆ ಫೋನ್ ಮಾಡಿ.

ತಪಾಸಣೆ ಇಲ್ಲಿ, ಹೆರಿಗೆ ಮಂಗಳೂರಲ್ಲಿ. ಕಾಗದಪತ್ರ, ದುಡ್ಡು ಎಲ್ಲಿಂದ?

ನಮ್ಮಲ್ಲಿ ಅರ್ಧಕ್ಕರ್ಧ ಜನರ ಕಥೆ ಇದೇ. ಮೊದಲೇ ಇಲ್ಲಿನ ಉಪಕೇಂದ್ರದ ನರ್ಸಿನ ಹತ್ತಿರ ಹೆಸರು ಬರೆಸಿ ತಾಯಿ ಮಗುವಿನ ಕಾರ್ಡು ತೆಗೆದುಕೊಳ್ಳಿ, ಮಂಗಳೂರಿನ ಪ್ರತಿ ಪರೀಕ್ಷೆಯ ಚೀಟಿಯನ್ನೂ ಅದರೊಳಗೇ ಇಡಿ. ರಾತ್ರಿ ಹೊತ್ತು ಇಲ್ಲಿನ ಆಸ್ಪತ್ರೆಗೆ ಓಡಬೇಕಾಗಿ ಬಂದರೆ ಆ ಕಾರ್ಡು ನೋಡಿಯೇ ಡಾಕ್ಟರಿಗೆ ನಿಮ್ಮ ರಕ್ತದ ಗುಂಪು, ಒತ್ತಡ ಗೊತ್ತಾಗುವುದು. ಪ್ರತಿ ತಿಂಗಳು 9ಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇದೆ.

ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5000 ರೂಪಾಯಿ ಎರಡು ಕಂತಿನಲ್ಲಿ, ಎರಡನೆಯದು ಹೆಣ್ಣಾದರೆ 6000 ರೂಪಾಯಿ. ಅರ್ಜಿ ಅಂಗನವಾಡಿಯಲ್ಲಿ, ದುಡ್ಡು ಅವಳ ಹೆಸರಿನ ಖಾತೆಗೇ ಬರುತ್ತದೆ. ಜನನ ನೋಂದಣಿ ಮಗು ಹುಟ್ಟಿದ ಊರಲ್ಲೇ ಆಗಬೇಕು, 21 ದಿನದೊಳಗೆ. ಆಸ್ಪತ್ರೆ ಬಿಡುವ ಮೊದಲು ಹೆಸರಿನ ಅಕ್ಷರ, ಮನೆ ವಿಳಾಸ ಸರಿ ಇದೆಯಾ ಓದಿ ನೋಡಿ. ಮಗುವಿಗೆ ಅಲ್ಲಿ ಹಾಕಿದ ಲಸಿಕೆಯ ವಿವರ ಬರೆಸಿಕೊಂಡು ಬಂದು ಇಲ್ಲಿನ ನರ್ಸಿಗೆ ತೋರಿಸಿದರೆ ಮುಂದಿನ ಲಸಿಕೆಗಳ ದಿನ ಅವರೇ ಬರೆದುಕೊಡುತ್ತಾರೆ.